ಏರಿನ ಸುಂಕ: ಕವಲೇದುರ್ಗದ ಸೀಮೆಯಲ್ಲಿ ಸ್ನಾಯುಬಲದ ಚರಿತ್ರೆ

ತೀರ್ಥಹಳ್ಳಿ ತಾಲ್ಲೂಕಿನ ಪಡುವಣ ಭಾಗದಲ್ಲಿ, ವಾರಾಹಿ ನದಿಯ ಕಣಿವೆಗೆ ಸಮೀಪವಾಗಿ, ದಟ್ಟ ಕಾಡಿನ ನಡುವೆ ನಿಂತಿರುವ ಕವಲೇದುರ್ಗವು ಕೆಳದಿ ಅರಸರ ಕಾಲದಲ್ಲಿ ಭುವನಗಿರಿದುರ್ಗವೆಂದು ಹೆಸರಾಗಿದ್ದ ಗಿರಿದುರ್ಗವಾಗಿದೆ. ಬೆಟ್ಟದ ಮೈಯ ಏರಿಳಿತವನ್ನೇ ಅನುಸರಿಸಿ ಸುತ್ತಿಕೊಂಡಿರುವ ಕಲ್ಲಿನ ಗೋಡೆಗಳು, ಒಂದರ ಮೇಲೊಂದರಂತೆ ಬರುವ ಹೆಬ್ಬಾಗಿಲುಗಳು, ಅವುಗಳ ಎರಡೂ ಬದಿಯ ಕಾವಲು ಜಗಲಿಗಳು, ಕಾಶಿವಿಶ್ವನಾಥನ ಗುಡಿ, ಅರಮನೆಯ ಅಡಿಪಾಯ, ಕೊಳಗಳು, ನೆತ್ತಿಯ ಶಿಖರೇಶ್ವರ ದೇವಾಲಯ ಇವುಗಳ ವರ್ಣನೆ ಕೋಟೆಯ ಬಗೆಗಿನ ಬರಹಗಳಲ್ಲೆಲ್ಲ ದೊರೆಯುತ್ತದೆ. ಆದರೆ ಈ ಕೋಟೆಯ ಮೊದಲ ಗೋಡೆ ಕಲ್ಲಿನದಲ್ಲ. ಅದು ಬೆಟ್ಟದ ಏರೇ ಆಗಿದೆ. ಏರಿ ಬರುವ ಪ್ರತಿಯೊಂದು ದೇಹದಿಂದಲೂ, ಅದು ಶತ್ರುವಿನದಿರಲಿ, ಯಾತ್ರಿಕನದಿರಲಿ, ಉಪ್ಪಿನ ಗೋಣಿ ಹೊತ್ತ ಎತ್ತಿನದಿರಲಿ, ಆ ಇಳಿಜಾರು ಒಂದು ಸುಂಕವನ್ನು ವಸೂಲು ಮಾಡುತ್ತದೆ, ಮತ್ತು ಆ ಸುಂಕವನ್ನು ಸ್ನಾಯುಗಳೇ ತೆರಬೇಕಾಗುತ್ತದೆ. ಕಾಳುಮೆಣಸು, ಅಕ್ಕಿ, ಅಡಕೆಗಳಿಂದ ಬೆಳೆದ ಕೆಳದಿ ರಾಜ್ಯದ ಆರ್ಥಿಕ ಚರಿತ್ರೆಯನ್ನು ನಾಣ್ಯಗಳ ಲೆಕ್ಕದಲ್ಲಿ ಸಾಕಷ್ಟು ಬರೆಯಲಾಗಿದೆ. ಅದನ್ನು ಮಾಂಸಖಂಡಗಳ ಲೆಕ್ಕದಲ್ಲಿಯೂ ಓದಲು ಸಾಧ್ಯವಿದೆ.

ಕೆಳದಿ ಮನೆತನದ ರಾಜಧಾನಿಗಳು ಸರಿದ ದಿಕ್ಕನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲ ನೆಲೆಯಾದ ಕೆಳದಿಯೂ ಎರಡನೆಯದಾದ ಇಕ್ಕೇರಿಯೂ ಇಂದಿನ ಸಾಗರದ ಆಸುಪಾಸಿನಲ್ಲಿ, ಬಯಲುಸೀಮೆಯ ಕುದುರೆಪಡೆಗೆ ಅಷ್ಟೇನೂ ದುರ್ಗಮವಲ್ಲದ ನೆಲದಲ್ಲಿದ್ದವು. ಬಿಜಾಪುರದ ರಣದುಲ್ಲಾಖಾನನ ಪಡೆ 1637ರ ಸುಮಾರಿಗೆ ಇಕ್ಕೇರಿಯ ಮೇಲೆ ಬಿದ್ದ ತರುವಾಯ, ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿಯು ಘಟ್ಟದ ಅಂಚಿಗೆ, ಗುಡ್ಡ ಕಾಡುಗಳಿಂದ ಸುತ್ತುವರಿದ ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಬಂದಿತು. ಈ ಮನೆತನದ ನಾಲ್ಕನೆಯ ನೆಲೆಯೆಂದು ಹೇಳಲಾಗುವ ಕವಲೇದುರ್ಗವಂತೂ ಬೆಟ್ಟದ ನೆತ್ತಿಯ ಮೇಲೆಯೇ ಇದೆ. ಪ್ರತಿ ಹೆಜ್ಜೆಯಲ್ಲಿಯೂ ರಾಜ್ಯದ ಕೇಂದ್ರವು ಹೆಚ್ಚು ಏರಿನ, ಹೆಚ್ಚು ಮಳೆಯ, ಚಕ್ರಗಳಿಗೆ ಹೆಚ್ಚು ಪ್ರತಿಕೂಲವಾದ ನೆಲಕ್ಕೆ ಸರಿಯಿತು. ಹೀಗೆ ಸರಿದುದರಿಂದ ರಕ್ಷಣೆ ದೊರಕಿತು. ಆದರೆ ದಿನದಿನದ ಬದುಕಿನ ಪ್ರತಿಯೊಂದು ಮೂಟೆಯೂ ಮನುಷ್ಯನ ಹೆಗಲು ಇಲ್ಲವೆ ಎತ್ತಿನ ಬೆನ್ನನ್ನೇ ನೆಚ್ಚಬೇಕಾಯಿತು.

ಈ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸುವ ಮುನ್ನ ಒಂದು ಶಬ್ದದ ಸಂಗತಿಯನ್ನು ಹೇಳಬೇಕು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮಾಂಸದ ಕಟ್ಟುಗಳನ್ನು ಪೇಶಿ ಎಂದು ಕರೆದು ಅವುಗಳ ಸಂಖ್ಯೆಯನ್ನು 500 ಎಂದಿದೆ. ಸ್ನಾಯು ಎಂಬುದು ಅಲ್ಲಿ ಸಂಧಿಗಳನ್ನು ಬಿಗಿಯುವ ನಾರಿನಂಥ ಕಟ್ಟು, ಅದರ ಸಂಖ್ಯೆ 900. ಹಿಂದಿ ಮೊದಲಾದ ಭಾಷೆಗಳು ಪೇಶಿ ಶಬ್ದವನ್ನೇ ಉಳಿಸಿಕೊಂಡರೆ, ಕನ್ನಡದ ವಿಜ್ಞಾನ ಬರವಣಿಗೆ ಮಾಂಸಖಂಡಕ್ಕೇ ಸ್ನಾಯು ಎಂಬ ಹೆಸರನ್ನು ಕೊಟ್ಟು, ಅದನ್ನು ಎಲುಬಿಗೆ ಬಿಗಿಯುವ ಹುರಿಗೆ ಸ್ನಾಯುರಜ್ಜು ಎಂದಿತು. ಶಾಸ್ತ್ರದ ದೃಷ್ಟಿಯಿಂದ ಇದು ಸ್ಥಾನಪಲ್ಲಟವೇ ಸರಿ, ಆದರೆ ಬಳಕೆ ಗಟ್ಟಿಯಾಗಿರುವುದರಿಂದ ಅದನ್ನೇ ಇಲ್ಲಿಯೂ ಅನುಸರಿಸಲಾಗಿದೆ. ಆಡುಮಾತಿನ ಕನ್ನಡವು ಈ ತೊಡಕಿಗೆ ಸಿಕ್ಕದೆ ಮೀನಖಂಡ, ರಟ್ಟೆ, ತೊಡೆ ಎಂದು ಒಂದೊಂದನ್ನೂ ಅದರ ಜಾಗದಿಂದಲೇ ಗುರುತಿಸುತ್ತದೆ.

ಸ್ನಾಯುವೊಂದನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೋದರೆ ಕೂದಲೆಳೆಯಂಥ ತಂತುಗಳೂ, ಆ ತಂತುಗಳ ಒಳಗೆ ಇನ್ನೂ ಸೂಕ್ಷ್ಮವಾದ ತಂತುಕಗಳೂ ದೊರೆಯುತ್ತವೆ. ಪ್ರತಿಯೊಂದು ತಂತುಕವೂ ಉದ್ದಕ್ಕೂ ಒಂದೇ ಅಳತೆಯ ಗೆಣ್ಣುಗಳಾಗಿ ವಿಂಗಡವಾಗಿದ್ದು, ಮಿಲಿಮೀಟರಿನ ಸುಮಾರು ಐನೂರನೆಯ ಒಂದು ಭಾಗದಷ್ಟು ಉದ್ದದ ಈ ಗೆಣ್ಣಿಗೆ ಸಾರ್ಕೋಮಿಯರ್ ಎಂದು ಹೆಸರು. ಗೆಣ್ಣಿನ ನಡುವೆ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಸರಳುಗಳೂ, ಎರಡು ತುದಿಗಳಿಂದ ಒಳಕ್ಕೆ ಚಾಚಿಕೊಂಡ ಆಕ್ಟಿನ್ ಎಂಬ ಪ್ರೋಟೀನಿನ ತೆಳು ಸರಳುಗಳೂ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ, ಹೊಂದಿಕೊಂಡಿರುತ್ತವೆ. ಸ್ನಾಯು ಕುಗ್ಗುವಾಗ ಈ ಸರಳುಗಳು ತಾವೇ ಸುರುಟಿಕೊಳ್ಳುತ್ತವೆಂದು ಬಹುಕಾಲ ನಂಬಲಾಗಿತ್ತು. 1954ರ ಮೇ 22ರ ನೇಚರ್ ಪತ್ರಿಕೆಯಲ್ಲಿ ಒಟ್ಟಿಗೆ ಬಂದ ಎರಡು ಲೇಖನಗಳು, ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು, ಈ ನಂಬಿಕೆಯನ್ನು ಅಲುಗಿಸಿದವು. ಸರಳುಗಳ ಉದ್ದ ಬದಲಾಗುವುದಿಲ್ಲ, ಅವು ಒಂದರ ಮೇಲೊಂದು ಜಾರುತ್ತವೆ, ಆ ಜಾರುವಿಕೆಯಿಂದಲೇ ಗೆಣ್ಣು ಗಿಡ್ಡವಾಗುತ್ತದೆ ಎಂಬುದು ಅವರ ನಿರೂಪಣೆಯಾಗಿತ್ತು. ಇಬ್ಬರು ಹಕ್ಸ್‌ಲಿಗಳಿಗೂ ರಕ್ತಸಂಬಂಧವಿರಲಿಲ್ಲ ಎಂಬುದು ಚರಿತ್ರೆಯ ಸಣ್ಣ ಚೇಷ್ಟೆ.

ಜಾರಿಸುವ ಕೆಲಸ ಮಯೋಸಿನ್ನಿನ ತಲೆಗಳದು. ಒಂದು ದಪ್ಪ ಸರಳಿನಿಂದ ನೂರಾರು ತಲೆಗಳು ಹೊರಚಾಚಿರುತ್ತವೆ. ಪ್ರತಿಯೊಂದೂ ಆಕ್ಟಿನ್ನನ್ನು ಹಿಡಿದು, ಬಾಗಿ, ಅದನ್ನು ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟು ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತದೆ. ದೋಣಿಯಲ್ಲಿ ಸಾಲಾಗಿ ಕುಳಿತವರು ಒಂದೇ ತಾಳಕ್ಕೆ ಹುಟ್ಟು ಹಾಕುವಂತಲ್ಲ ಈ ಎಳೆತ; ಬಾವಿಯ ಹಗ್ಗವನ್ನು ಒಂದು ಕೈ ಹಿಡಿದಿರುವಾಗ ಇನ್ನೊಂದು ಕೈ ಮುಂದಕ್ಕೆ ಹೋಗುವಂತೆ, ಕೆಲವು ತಲೆಗಳು ಹಿಡಿದಿರುವಾಗಲೇ ಉಳಿದವು ಬಿಟ್ಟು ಹಿಡಿಯುತ್ತಿರುವುದರಿಂದ ಎಳೆತ ಕಡಿಯುವುದಿಲ್ಲ. ಇದಕ್ಕೆ ಬೇಕಾದ ಶಕ್ತಿಯನ್ನು ಎಟಿಪಿ ಎಂಬ ಅಣು ಒದಗಿಸುತ್ತದೆ. ಇಲ್ಲೊಂದು ವಿಚಿತ್ರವಿದೆ: ಹಿಡಿತವನ್ನು ಬಿಡುವುದಕ್ಕೂ ಮಯೋಸಿನ್ನಿಗೆ ಹೊಸ ಎಟಿಪಿ ಅಣು ಬಂದು ತಗುಲಲೇಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಇದೇ ಕಾರಣದಿಂದ. ಎಟಿಪಿ ಮುಗಿದುಹೋಗಿ ಹಿಡಿದ ತಲೆಗಳು ಹಿಡಿದಂತೆಯೇ ಉಳಿದಿರುತ್ತವೆ. ಎಳೆತ ಯಾವಾಗ ಆರಂಭವಾಗಬೇಕೆಂಬುದನ್ನು ಕ್ಯಾಲ್ಸಿಯಂ ನಿರ್ಧರಿಸುತ್ತದೆ. ನರದ ಸಂಕೇತ ತಲುಪಿದೊಡನೆ ತಂತುವಿನೊಳಗಿನ ಚೀಲಗಳಿಂದ ಹೊರಬೀಳುವ ಕ್ಯಾಲ್ಸಿಯಂ, ಆಕ್ಟಿನ್ನಿನ ಮೇಲೆ ಕಾವಲು ಕುಳಿತ ಪ್ರೋಟೀನುಗಳನ್ನು ಪಕ್ಕಕ್ಕೆ ಸರಿಸುತ್ತದೆಂಬುದನ್ನು ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ತೋರಿಸಿಕೊಟ್ಟರು. ಸ್ನಾಯುವಿನ ಬಲವನ್ನು ಎಲುಬಿಗೆ ಮುಟ್ಟಿಸುವ ಸ್ನಾಯುರಜ್ಜುವಿನ ಮುಖ್ಯ ಪ್ರೋಟೀನಾದ ಕೊಲಾಜೆನ್‌ನ ರಚನೆಯನ್ನು ಮದರಾಸಿನಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ ಬಿಡಿಸಲು ತೊಡಗಿ, 1954ರಲ್ಲೇ ಪ್ರಕಟಿಸಿದ ಜಿ. ಎನ್. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಎಳೆಯುವ ಭಾಗ ಮತ್ತು ಕಟ್ಟುವ ಭಾಗ ಎರಡರ ಗುಟ್ಟೂ ಒಂದೇ ವರ್ಷದಲ್ಲಿ ಬಯಲಿಗೆ ಬಂದಂತಾಯಿತು.

ದುರ್ಗದ ಬಾಗಿಲುಗಳಿಗೆ ಈ ಅಣುಗಳ ಲೆಕ್ಕ ನೇರವಾಗಿ ಸಂಬಂಧಿಸಿದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಜೋರಿನ ದುಡಿಮೆಗೆ ಎರಡು ಮೂರು ಸೆಕೆಂಡಿಗೆ ಸಾಕಾಗುತ್ತದೆ. ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ದಾಸ್ತಾನು ಅದನ್ನು ಹತ್ತು ಸೆಕೆಂಡಿನವರೆಗೆ ಎಳೆಯಬಲ್ಲದು. ಆಮೇಲೆ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯುವ ಕ್ರಮ ಒಂದೆರಡು ನಿಮಿಷ ನಡೆಯುತ್ತದೆ. ಅದಕ್ಕೂ ಮೀರಿದ ದುಡಿಮೆಯೆಲ್ಲ ಉಸಿರಿನ ಆಮ್ಲಜನಕವನ್ನೇ ನಂಬಿ ನಿಧಾನವಾಗಿ ಸಾಗಬೇಕು. 55 ಕೆಜಿ ತೂಕದ ಸೈನಿಕನೊಬ್ಬ 20 ಕೆಜಿ ಆಯುಧ ಸಾಮಗ್ರಿ ಹೊತ್ತು ಹತ್ತು ನಿಮಿಷದಲ್ಲಿ 100 ಮೀಟರ್ ಎತ್ತರ ಏರಿದರೆ ಅವನ ಕಾಲುಗಳು ಸುಮಾರು 120 ವಾಟ್ ಸಾಮರ್ಥ್ಯವನ್ನು ಎಡೆಬಿಡದೆ ಹೊರಹೊಮ್ಮಿಸಬೇಕಾಗುತ್ತದೆ, ದಿನವಿಡೀ ದುಡಿಯುವ ಸಾಮಾನ್ಯ ಮನುಷ್ಯನಿಂದ ನಿರೀಕ್ಷಿಸಬಹುದಾದುದು ಸುಮಾರು 75 ವಾಟ್ ಮಾತ್ರ. ಸ್ನಾಯುವಿನ ದಕ್ಷತೆ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವಾದುದರಿಂದ, 120 ವಾಟ್ ಕೆಲಸದ ಜೊತೆಗೆ ಅದರ ಮೂರರಷ್ಟು ಕಾವೂ ಹುಟ್ಟುತ್ತದೆ. ತೇವದಿಂದ ತುಂಬಿದ ಮಲೆನಾಡಿನ ಗಾಳಿಯಲ್ಲಿ ಬೆವರು ಆರದೆ ಮೈಮೇಲೇ ನಿಲ್ಲುವುದರಿಂದ ಆ ಕಾವು ಹೊರಗೆ ಹೋಗಲು ದಾರಿಯಿರುವುದಿಲ್ಲ. ಮೊದಲ ಬಾಗಿಲನ್ನು ಓಡಿ ಗೆದ್ದವನಿಗೆ ಎರಡನೆಯ ಬಾಗಿಲಿನ ಹೊತ್ತಿಗೆ ಓಟದ ದಾಸ್ತಾನು ಮುಗಿದಿರುತ್ತದೆ, ಮೇಲಿನ ಜಗಲಿಯಲ್ಲಿ ಕುಳಿತ ಕಾವಲಿನವನ ದಾಸ್ತಾನು ಮುಟ್ಟದೆ ಉಳಿದಿರುತ್ತದೆ. ಕೋಟೆ ಕಟ್ಟಿದ ಒಡ್ಡರಿಗೂ ಕಲ್ಲುಕುಟಿಗರಿಗೂ ಎಟಿಪಿಯ ಹೆಸರು ಬೇಕಿರಲಿಲ್ಲ. ಏರಿದವನ ಉಸಿರಾಟ ಅವರ ಕಿವಿಗೇ ಕೇಳುತ್ತಿತ್ತು.

ಅದೇ ಏರು ಕಟ್ಟುವವರಿಂದಲೂ ಸುಂಕ ಪಡೆಯಿತು. ಅರವತ್ತು ಸೆಂಟಿಮೀಟರ್ ಉದ್ದ, ನಲವತ್ತೈದು ಅಗಲ, ನಲವತ್ತೈದು ಎತ್ತರದ ಒಂದು ಕಣಶಿಲೆಯ ದಿಮ್ಮಿಯನ್ನು ಉದಾಹರಣೆಗೆ ಇಟ್ಟುಕೊಂಡರೆ ಅದರ ತೂಕ 325 ಕೆಜಿಗೆ ಹತ್ತಿರವಾಗುತ್ತದೆ. ಅದನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಬೇಕಾದ ಶುದ್ಧ ಯಾಂತ್ರಿಕ ಶಕ್ತಿಯನ್ನು ಲೆಕ್ಕ ಹಾಕಿದರೆ ಅಚ್ಚರಿಯಾಗುವಷ್ಟು ಕಡಿಮೆ, 76 ಕಿಲೊಕ್ಯಾಲೊರಿ ಮಾತ್ರ. ಒಂದು ಬಟ್ಟಲು ಅನ್ನದಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ಕಷ್ಟವಿರುವುದು ಶಕ್ತಿಯಲ್ಲಲ್ಲ, ಬಲದಲ್ಲಿ. ಒಂದು ಚದರ ಸೆಂಟಿಮೀಟರ್ ಅಡ್ಡಳತೆಯ ಸ್ನಾಯು, ಅದು ಇಲಿಯದಾಗಲಿ ಆನೆಯದಾಗಲಿ, ಎರಡು ಮೂರು ಕೆಜಿ ತೂಕಕ್ಕೆ ಸಮನಾದ ಎಳೆತವನ್ನಷ್ಟೇ ಕೊಡಬಲ್ಲದು. ಆದುದರಿಂದ ಒಬ್ಬನಿಂದ ಎತ್ತಲಾಗದ ಕಲ್ಲನ್ನು ಎಷ್ಟು ಹೊತ್ತು ಪ್ರಯತ್ನಿಸಿದರೂ ಒಬ್ಬ ಎತ್ತಲಾರ. ದಿಮ್ಮಿಗೆ ಹಗ್ಗ ಬಿಗಿದು, ಬೊಂಬುಗಳನ್ನು ತೂರಿಸಿ, ಎಂಟು ಜನ ಹೆಗಲು ಕೊಟ್ಟರೆ ಒಬ್ಬೊಬ್ಬನ ಪಾಲಿಗೆ 40 ಕೆಜಿ ಬರುತ್ತದೆ, ಆದರೆ ಆಗ ಕಲ್ಲಿನ 325 ಕೆಜಿಯ ಜೊತೆಗೆ ಆ ಎಂಟು ದೇಹಗಳ 400 ಕೆಜಿಯೂ ಬೆಟ್ಟ ಏರಬೇಕಾಗುತ್ತದೆ. ಕಲ್ಲಿಗಿಂತ ಹೊರುವವರನ್ನು ಏರಿಸುವುದಕ್ಕೇ ಹೆಚ್ಚು ಖರ್ಚು. ದಾರಿಯಲ್ಲಿ ಅವರು ತಿರುವಿನಲ್ಲಿ ತಡೆದು ನಿಂತರೆ, ಭೌತವಿಜ್ಞಾನದ ವ್ಯಾಖ್ಯೆಯ ಪ್ರಕಾರ ಅವರು ಯಾವ ಕೆಲಸವನ್ನೂ ಮಾಡುತ್ತಿಲ್ಲ, ಏಕೆಂದರೆ ಹೊರೆ ಕದಲುತ್ತಿಲ್ಲ. ಆದರೆ ಮಯೋಸಿನ್ ತಲೆಗಳು ಹಿಡಿದು ಬಿಡುವುದನ್ನು ನಿಲ್ಲಿಸಿರುವುದಿಲ್ಲವಾದುದರಿಂದ ಎಟಿಪಿ ಉರಿಯುತ್ತಲೇ ಇರುತ್ತದೆ. ಅಷ್ಟೇ ಅಲ್ಲದೆ, ಬಿಗಿದುಕೊಂಡ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುವುದರಿಂದ, ತನ್ನ ಪೂರ್ಣ ಬಲದ ಅರ್ಧದಷ್ಟನ್ನು ಹಿಡಿದು ನಿಲ್ಲುವ ಸ್ನಾಯು ಒಂದೆರಡು ನಿಮಿಷದಲ್ಲೇ ಸೋಲುತ್ತದೆ. ನಡೆಯುವುದಕ್ಕಿಂತ ನಿಲ್ಲುವುದು ಕಷ್ಟವೆಂದು ಹೊರೆಯಾಳುಗಳು ಹೇಳುವುದು ಉತ್ಪ್ರೇಕ್ಷೆಯಲ್ಲ.

ಈ ದುಡಿಮೆಗೆ ಸಿಕ್ಕ ಹೆಸರಿನ ಚರಿತ್ರೆಯೂ ಗಮನಾರ್ಹವಾಗಿದೆ. ಸಂಸ್ಕೃತದ ವಿಷ್ಟಿ ಶಬ್ದದ ತದ್ಭವವಾದ ಬಿಟ್ಟಿ, ಕರ್ನಾಟಕದ ಶಾಸನಗಳಲ್ಲಿ ಪ್ರಭುತ್ವಕ್ಕೆ ಕೂಲಿಯಿಲ್ಲದೆ ಸಲ್ಲಿಸಬೇಕಾದ ಮೈದುಡಿಮೆಯೆಂಬ ಅರ್ಥದಲ್ಲಿ ಬರುತ್ತದೆ. ಅಂದರೆ ಅದು ಸ್ನಾಯುವಿನ ಮೇಲೆ ನೇರವಾಗಿ ಹಾಕಿದ ತೆರಿಗೆ. ಇಂದಿನ ಕನ್ನಡದಲ್ಲಿ ಬಿಟ್ಟಿ ಎಂದರೆ ಪುಕ್ಕಟೆ. ಕೊಡುವವನ ಕಷ್ಟ ಅಳಿಸಿಹೋಗಿ ಪಡೆಯುವವನ ಲಾಭವಷ್ಟೇ ಶಬ್ದದಲ್ಲಿ ಉಳಿದಿದೆ. ಇದಕ್ಕೆ ಪ್ರತಿಯಾಗಿ ಅರಮನೆಯ ಆಶ್ರಯದಲ್ಲಿದ್ದ ಮಲ್ಲರ ಸ್ನಾಯುಗಳಿಗೆ ಶಾಸ್ತ್ರಗ್ರಂಥಗಳಲ್ಲಿ ಗೌರವದ ಸ್ಥಾನ ದೊರೆತಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಿದ್ಧಪಡಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗವು ಭಾರ ಹೊರುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಸಾಧನೆಗಳನ್ನು ವಿಂಗಡಿಸುತ್ತದೆ. ಅಭ್ಯಾಸಕ್ಕೆಂದು ಭಾರ ಹೊತ್ತವನ ಕ್ರಮವನ್ನು ಬರೆದಿಟ್ಟ ಪರಂಪರೆ, ಹೊಟ್ಟೆಗೆಂದು ಭಾರ ಹೊತ್ತವನ ಕ್ರಮವನ್ನು ಬರೆದಿಡಲಿಲ್ಲ.

ಆ ಕ್ರಮದ ಸುಳಿವು ದೊರೆಯುವುದು ಘಟ್ಟದ ದಾರಿಗಳಲ್ಲಿ. ಬಿದನೂರಿನಿಂದ ಬಸರೂರು, ಕುಂದಾಪುರಗಳ ಕಡೆಗೆ ಇಳಿಯುವ ಹೊಸಂಗಡಿ ಘಟ್ಟ, ಕೊಲ್ಲೂರು ಘಟ್ಟ, ದಕ್ಷಿಣದ ಆಗುಂಬೆ, ಉತ್ತರದ ಗೇರುಸೊಪ್ಪೆ ಇವೆಲ್ಲ ಕೆಳದಿ ರಾಜ್ಯದ ಉಸಿರುನಾಳಗಳಾಗಿದ್ದವು. ಕಾಳುಮೆಣಸು ಕೆಳಗೆ ಇಳಿಯುತ್ತಿತ್ತು. ಕರಾವಳಿಯ ಉಪ್ಪು ಮೇಲೆ ಏರುತ್ತಿತ್ತು. 1623ರಲ್ಲಿ ಗೋವೆಯ ಪೋರ್ತುಗೀಸ್ ರಾಯಭಾರಿಯೊಂದಿಗೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, 1637ರಲ್ಲಿ ಭಟ್ಕಳದಿಂದ ಕಾಳುಮೆಣಸಿನ ವ್ಯವಹಾರಕ್ಕಾಗಿ ಅದೇ ಊರಿಗೆ ಬಂದ ಇಂಗ್ಲೆಂಡಿನ ಪೀಟರ್ ಮಂಡಿ, ಇಬ್ಬರೂ ಈ ಏರನ್ನು ಕಂಡವರು. ಅವರು ಅರಸನನ್ನು ನೋಡಲು ಬಂದಿದ್ದರು. ಅವರ ಪಕ್ಕದಲ್ಲೇ ಏರುತ್ತಿದ್ದ ಹೇರೆತ್ತುಗಳು ರಾಜ್ಯವನ್ನು ಸಾಕುತ್ತಿದ್ದವು.

ಹೇರು ಎಂದರೆ ಎತ್ತಿನ ಬೆನ್ನಿನ ಎರಡೂ ಬದಿಗೆ ಸಮತೂಕವಾಗಿ ಇಳಿಬಿಟ್ಟ ಗೋಣಿಗಳ ಹೊರೆ. 300 ಕೆಜಿ ತೂಕದ ಎತ್ತು 100 ಕೆಜಿ ಉಪ್ಪು ಹೊತ್ತು 600 ಮೀಟರ್ ಎತ್ತರದ ಘಟ್ಟವನ್ನು ಏರುತ್ತದೆಂದು ಭಾವಿಸಿದರೆ, ಏರಿದ ಒಟ್ಟು ತೂಕದಲ್ಲಿ ಉಪ್ಪಿನ ಪಾಲು ಕಾಲುಭಾಗ. ಅಂಥ ಎತ್ತು ಬಹಳ ಹೊತ್ತು ನಿಭಾಯಿಸಬಲ್ಲ ಸಾಮರ್ಥ್ಯ ಸುಮಾರು 300 ವಾಟ್. ಜೋಡೆತ್ತು ಸೇರಿದರೂ ಒಂದು ಅಶ್ವಶಕ್ತಿಯ 746 ವಾಟ್ ತುಂಬುವುದಿಲ್ಲ. ಈ ವೇಗದಲ್ಲಿ ಎಲ್ಲೂ ನಿಲ್ಲದೆ ಏರಿದರೂ ಎರಡು ಗಂಟೆಗಿಂತ ಹೆಚ್ಚು ಕಾಲ ಬೇಕು, ಮತ್ತು ಯಾವ ಎತ್ತೂ ನಿಲ್ಲದೆ ಏರುವುದಿಲ್ಲ. ಮನುಷ್ಯನ ಹೊರೆಯ ಪ್ರಮಾಣ ಕೆಲವೊಮ್ಮೆ ಇದಕ್ಕಿಂತ ಹೆಚ್ಚು: 2005ರಲ್ಲಿ ಪ್ರಕಟವಾದ ನೇಪಾಳದ ಹೊರೆಯಾಳುಗಳ ಅಧ್ಯಯನದಲ್ಲಿ ಗಂಡಸರು ಸರಾಸರಿ ತಮ್ಮ ದೇಹತೂಕದ ಶೇಕಡಾ 93 ಭಾಗದಷ್ಟು ಹೊರೆಯನ್ನು ಹೊತ್ತಿದ್ದರು. ಅವರು ಬಹಳ ನಿಧಾನವಾಗಿ ನಡೆದು, ಮೇಲಿಂದ ಮೇಲೆ ನಿಂತು, ದಿನವಿಡೀ ಅದನ್ನು ಸಾಗಿಸುತ್ತಿದ್ದರು.

ಆ ನಿಧಾನದ ಹಿಂದೆ ಸ್ನಾಯುವಿನ ಮೂಲಸ್ವಭಾವವೇ ಇದೆ. 1922ರ ನೊಬೆಲ್ ಪುರಸ್ಕೃತ ಆರ್ಚಿಬಾಲ್ಡ್ ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುಗಳ ಮೇಲೆ ನಡೆಸಿದ ಅಳತೆಗಳಿಂದ, ಸ್ನಾಯು ಎಷ್ಟು ಬೇಗ ಕುಗ್ಗುತ್ತದೋ ಅಷ್ಟು ಕಡಿಮೆ ಬಲವನ್ನು ಕೊಡುತ್ತದೆಂಬ ನಿಯಮವನ್ನು ಒಂದು ವಕ್ರರೇಖೆಯಾಗಿ ನಿರೂಪಿಸಿದರು. ಬಹಳ ಬೇಗ ಕುಗ್ಗಿದರೆ ಬಲವಿಲ್ಲ, ಎತ್ತಲಾರದಷ್ಟು ಭಾರವಾದರೆ ಚಲನೆಯಿಲ್ಲ. ಬಲ ಮತ್ತು ವೇಗಗಳ ಗುಣಲಬ್ಧವಾದ ಸಾಮರ್ಥ್ಯವು ಎರಡರ ನಡುವೆ, ಸ್ನಾಯುವಿನ ಪರಮವೇಗದ ಸುಮಾರು ಮೂರನೆಯ ಒಂದು ಭಾಗದಲ್ಲಿ, ಶಿಖರ ಮುಟ್ಟುತ್ತದೆ. ಘಟ್ಟದ ಏರಿನಲ್ಲಿ ಹೆಜ್ಜೆ ಚಿಕ್ಕದಾಗಿಸಿ, ತಾಳ ತಪ್ಪದೆ ನಡೆಯುವ ಹೊರೆಯಾಳು ಈ ವಕ್ರರೇಖೆಯ ಮೇಲೆ ತನಗೆ ಹಿತವಾದ ಬಿಂದುವನ್ನು ಕಾಲಿನಿಂದಲೇ ಹುಡುಕಿಕೊಂಡಿರುತ್ತಾನೆ. ತಲೆಯ ಮೇಲಿನ ಸಿಂಬೆ, ಎದೆಯೆತ್ತರಕ್ಕೆ ನಿಲ್ಲಿಸಿದ ಹೊರೆ ಇಳಿಸುವ ಕಲ್ಲು ಇವೂ ಅದೇ ಅರಿವಿನ ಉಪಕರಣಗಳಾಗಿವೆ. ಹೊರೆಯನ್ನು ನೆಲದಿಂದ ತಲೆಗೆ ಏರಿಸುವ ಕ್ಷಣದಲ್ಲಿ ಸ್ನಾಯುಗಳಿಂದ ಗರಿಷ್ಠ ಬಲ ಬೇಕಾಗುತ್ತದೆ. ಕಲ್ಲಿನ ಮೇಲೆ ಇಳಿಸಿದರೆ ವಿಶ್ರಾಂತಿ ದೊರೆಯುತ್ತದೆ, ಮತ್ತೆ ಏರಿಸಿಕೊಳ್ಳಲು ಇನ್ನೊಬ್ಬನ ಕೈ ಬೇಕಾಗುವುದಿಲ್ಲ. ಬಾಗುವ ಕಾವಡಿಕೋಲಿನ ತೂಗಾಟವನ್ನು ಪರೀಕ್ಷಿಸಿದ ಅಮೆರಿಕದ ರಾಜರ್ ಕ್ರಾಮ್ 1991ರಲ್ಲಿ ಕಂಡುಕೊಂಡಂತೆ, ಅದು ಶಕ್ತಿಯ ಖರ್ಚನ್ನು ಉಳಿಸುವುದಿಲ್ಲ, ಹೆಗಲಿಗೆ ಬೀಳುವ ಪೆಟ್ಟನ್ನು ಮೆತ್ತಗಾಗಿಸುತ್ತದೆ. ಕಾವಡಿ ಹೊತ್ತವರಿಗೆ ಅಷ್ಟೇ ಸಾಕಾಗಿತ್ತೆಂದು ಕಾಣುತ್ತದೆ.

ಮಲೆನಾಡಿನ ದನಗಳ ಗಾತ್ರದಲ್ಲಿಯೂ ಏರಿನ ಗುರುತು ಇರಬಹುದು. ಮಲೆನಾಡು ಗಿಡ್ಡ ಎಂಬ ಇಲ್ಲಿನ ತಳಿಯ ದನ ಸೊಂಟದೆತ್ತರಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ರಿಚರ್ಡ್ ಟೇಲರ್ ಮತ್ತು ಸಂಗಡಿಗರು 1972ರಲ್ಲಿ ಇಲಿಗಳನ್ನೂ ಚಿಂಪಾಂಜಿಗಳನ್ನೂ ಓರೆಯಾಗಿಸಿದ ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ನೋಡಿದಾಗ, ಒಂದು ಕೆಜಿ ತೂಕವನ್ನು ಒಂದು ಮೀಟರ್ ಏರಿಸುವ ಹೆಚ್ಚುವರಿ ಖರ್ಚು ಗಾತ್ರದೊಂದಿಗೆ ಬದಲಾಗುವುದಿಲ್ಲವೆಂದೂ, ಸಣ್ಣ ಪ್ರಾಣಿ ಸಮನೆಲದಲ್ಲೇ ಪ್ರತಿ ಕೆಜಿಗೆ ಹೆಚ್ಚು ಖರ್ಚು ಮಾಡುವುದರಿಂದ ಏರು ಅದಕ್ಕೆ ಅಷ್ಟಾಗಿ ಭಾರವೆನಿಸದೆಂದೂ ತಿಳಿದುಬಂದಿತು. ಗಿಡ್ಡ ದನದ ಬಗ್ಗೆ ಇದನ್ನು ನೇರವಾಗಿ ಅನ್ವಯಿಸುವುದು ಊಹೆಯಷ್ಟೇ ಆದೀತು. ಮೇವಿನ ಗುಣ, ಮಳೆ, ಕೆಸರುಗದ್ದೆಗಳೂ ಆ ತಳಿಯನ್ನು ರೂಪಿಸಿವೆ. ಆದರೂ ಘಟ್ಟದ ಕಾಲುದಾರಿಯಲ್ಲಿ ದೊಡ್ಡ ಎತ್ತು ಏದುಸಿರು ಬಿಡುವಲ್ಲಿ ಗಿಡ್ಡ ದನ ಮೇಯುತ್ತ ಏರುವ ನೋಟಕ್ಕೆ ಈ ಲೆಕ್ಕ ಒಪ್ಪುತ್ತದೆ.

ಬಯಲುಸೀಮೆಯ ಸ್ನಾಯುಬಲ ಈ ಸೀಮೆಯ ಚರಿತ್ರೆಯಲ್ಲಿ ನಿರ್ಣಾಯಕವಾದದ್ದು 1783ರಲ್ಲಿ. ಹೈದರಾಲಿಯು 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡು ಹೈದರನಗರವೆಂದು ಕರೆದ ಬಿದನೂರನ್ನು, ಅವನ ಮರಣದ ಮರುತಿಂಗಳೇ, ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಕರಾವಳಿಯಿಂದ ಹೊಸಂಗಡಿ ಘಟ್ಟವನ್ನು ಏರಿ ವಶಪಡಿಸಿಕೊಂಡಿತು. ಏರೇ ಮೊದಲ ಗೋಡೆ ಎಂಬ ಮಾತಿಗೆ ಇದು ದೊಡ್ಡ ಅಪವಾದವಾಗಿದೆ. ಘಟ್ಟದ ಕಾವಲುಗಳು ಸ್ನಾಯುವಿನ ಲೆಕ್ಕವನ್ನು ಮೀರಿ ಕುಸಿದವು, ಬಿದನೂರಿನ ಅಧಿಕಾರಿ ಅಯಾಜ್ ಹೋರಾಡದೆ ಊರನ್ನು ಒಪ್ಪಿಸಿದನು. ಸೋಲುವ ಮನಸ್ಸಿದ್ದಲ್ಲಿ ಬೆಟ್ಟ ಕಾಯುವುದಿಲ್ಲ. ಆದರೆ ಅದನ್ನು ಮರಳಿ ಪಡೆದ ಬಗೆಯಲ್ಲಿ ಎತ್ತುಗಳ ಪಾತ್ರ ಹಿರಿದು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಇಲಾಖೆಯಾಗಿ ಬೆಳೆದು, ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರು ಪಡೆದ ಸರ್ಕಾರಿ ದನಗಳ ತಳಿ ಫಿರಂಗಿ ಎಳೆಯುವುದರಲ್ಲಿ ಹೆಸರಾಗಿತ್ತು. ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು, ಟಿಪ್ಪುವು ಜನರಲ್ ಮೆಡೋಸನ ಎದುರು ಎರಡು ದಿನದಲ್ಲಿ 63 ಮೈಲಿ ಕ್ರಮಿಸಿದ್ದು, ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ದಾಟಿ ಬಂದದ್ದು, ಇವೆಲ್ಲ ಈ ಎತ್ತುಗಳಿಂದಲೇ ಸಾಧ್ಯವಾಯಿತೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಮಳೆಗಾಲ ಹಿಡಿಯುವ ಮುನ್ನ, ಏಪ್ರಿಲ್ ಕೊನೆಯ ಹೊತ್ತಿಗೆ, ಮ್ಯಾಥ್ಯೂಸ್ ಶರಣಾದನು. ಆ ಎತ್ತುಗಳ ವಿಷಯಕ್ಕೆ ಮರಳಿದರೆ, ಪ್ರತಿ ಸ್ನಾಯುವಿನಲ್ಲಿಯೂ ಬೇಗ ಕುಗ್ಗಿ ಬೇಗ ದಣಿಯುವ ತಂತುಗಳೂ, ನಿಧಾನವಾಗಿ ಕುಗ್ಗಿ ಬಹುಕಾಲ ದುಡಿಯುವ ತಂತುಗಳೂ ಬೆರೆತಿರುತ್ತವೆ. ವೇಗ ಮತ್ತು ತಾಳಿಕೆ ಎರಡನ್ನೂ ಬಯಸಿ ಆಯ್ದು ಸಾಕಿದ ತಳಿಗಾರರು ಅರಿಯದೆಯೇ ಈ ಬೆರಕೆಯನ್ನು ತಿದ್ದುತ್ತಿದ್ದರು.

ಏರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಇಳುಕಲನ್ನು ಬಿಡುವಂತಿಲ್ಲ. ಕವಲೇದುರ್ಗವನ್ನು ನೋಡಿ ಹಿಂದಿರುಗಿದವರಿಗೆ ಮರುದಿನ ತೊಡೆಗಳು ನೋಯುವುದು ಹತ್ತಿದ್ದರಿಂದಲ್ಲ, ಬಹುಪಾಲು ಇಳಿದದ್ದರಿಂದ. ಮೆಟ್ಟಿಲಿಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಲ ಹಾಕುತ್ತಿರುವಾಗಲೇ ಉದ್ದವಾಗುತ್ತದೆ. ಹಿಡಿದಿರುವ ಮಯೋಸಿನ್ ತಲೆಗಳನ್ನು ದೇಹದ ತೂಕವೇ ಹಿಂದಕ್ಕೆ ಎಳೆಯುತ್ತದೆ. 1952ರಲ್ಲಿ ಲಂಡನ್ನಿನಲ್ಲಿ ಆಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಸಂಶೋಧಕರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಸರಪಳಿಯಿಂದ ಜೋಡಿಸಿ, ಒಬ್ಬರು ತುಳಿಯುತ್ತಿರಲು ಇನ್ನೊಬ್ಬರು ಅದನ್ನು ತಡೆಯುವಂತೆ ಏರ್ಪಡಿಸಿದರು. ಇಬ್ಬರ ಬಲ ಸಮವಾಗಿದ್ದರೂ ತಡೆಯುವವರು ಬಳಸಿದ ಆಮ್ಲಜನಕ ತುಳಿಯುವವರದಕ್ಕಿಂತ ಬಹಳ ಕಡಿಮೆಯಾಗಿತ್ತು. ಇಳಿಯುವುದು ಅಗ್ಗ, ಆದರೆ ರೂಢಿಯಿಲ್ಲದವನಲ್ಲಿ ಎಳೆದಾಟದಿಂದ ಸಾರ್ಕೋಮಿಯರುಗಳಿಗೆ ಸೂಕ್ಷ್ಮವಾದ ಪೆಟ್ಟಾಗಿ ನೋವು ಮರುದಿನ ತೋರುತ್ತದೆ. ವಾರಕ್ಕೊಮ್ಮೆ ಘಟ್ಟ ಇಳಿಯುತ್ತಿದ್ದವನ ಸ್ನಾಯು ಈ ಪೆಟ್ಟಿಗೆ ಬೇಗ ಒಗ್ಗಿಕೊಳ್ಳುತ್ತಿತ್ತು. ಕೆಳದಿಯವರ ವ್ಯಾಪಾರಕ್ಕೆ ಅನುಕೂಲವಾದ ಸಂಗತಿಯೆಂದರೆ, ಅವರ ಬೆಲೆಯುಳ್ಳ ಸರಕು ಇಳಿಯುವ ದಿಕ್ಕಿನಲ್ಲಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಿಗೆ ಗಾಡಿರಸ್ತೆಗಳು ಬಂದಾಗ ಹೇರೆತ್ತಿನ ಕಾಲ ಇಳಿಮುಖವಾಯಿತು. ಚಕ್ರವು ಹೊರೆಯನ್ನು ತಾನೇ ಹೊತ್ತು, ಎತ್ತಿನ ಪಾಲಿಗೆ ಎಳೆತವನ್ನಷ್ಟೇ ಬಿಟ್ಟಿತು. 1899ರಲ್ಲಿ ಶಿವಮೊಗ್ಗಕ್ಕೆ ರೈಲು ಬಂದಿತು, ಆಮೇಲೆ ಲಾರಿಗಳು ಬಂದವು. ಉಪ್ಪಿನ ಹೇರುಗಳು ಏರುತ್ತಿದ್ದ ಹೊಸಂಗಡಿಯಲ್ಲಿ ಈಗ ವಾರಾಹಿ ಯೋಜನೆಯ ಭೂಗರ್ಭ ವಿದ್ಯುದಾಗಾರವಿದೆ. ಅದೇ ಘಟ್ಟದ ಎತ್ತರದಿಂದ ನೀರನ್ನು ಇಳಿಸಿ 460 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾಪಿತ ಸಾಮರ್ಥ್ಯ ಅದರದು. 75 ವಾಟಿನ ಲೆಕ್ಕದಲ್ಲಿ ಅದು ಅರವತ್ತು ಲಕ್ಷಕ್ಕೂ ಹೆಚ್ಚು ಜನರ ಮೈದುಡಿಮೆ.

ಸ್ನಾಯುವನ್ನು ಯಂತ್ರವು ಸುಲಭಕ್ಕೆ ಬದಲಿಸಲಾಗದೆ ಉಳಿದ ಜಾಗವೆಂದರೆ ಅಡಕೆತೋಟ. ಕೊನೆಗೌಡ ಅಥವಾ ಕೊನೆಗಾರನೆಂದು ಕರೆಯಲಾಗುವ ಮರ ಹತ್ತುವ ಕೆಲಸಗಾರನು ಕಾಲಿಗೆ ತಳೆ ಹಾಕಿಕೊಂಡು ಏರಿ, ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಜಾರಿಸಿ, ಇಳಿಯದೆ, ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಈ ದಾಟುವಿಕೆಯನ್ನು ಸಾಹಸವೆಂದು ನೋಡುವುದೇ ಹೆಚ್ಚು; ಅದು ಮಿತವ್ಯಯವೂ ಹೌದು. 60 ಕೆಜಿ ತೂಕದವನು 12 ಮೀಟರ್ ಮರವನ್ನು ಒಮ್ಮೆ ಏರಲು ಸುಮಾರು ಏಳು ಕಿಲೊಕ್ಯಾಲೊರಿ ಖರ್ಚಾಗುವುದರಿಂದ, ಐವತ್ತು ಮರಗಳನ್ನು ದಾಟಿಯೇ ಮುಗಿಸಿದವನು ಒಂದು ಹೊತ್ತಿನ ಊಟದಷ್ಟನ್ನು ಉಳಿಸಿರುತ್ತಾನೆ, ಮರದ ಬಾಗುವಿಕೆ ಅವನ ಸ್ನಾಯುವಿನ ಕೆಲಸವನ್ನು ತಾನು ಮಾಡಿರುತ್ತದೆ. ಮಳೆಗಾಲದ ಕೊಳೆರೋಗ ತಡೆಯಲು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಲು ಹಿಂದೆ ಹತ್ತುತ್ತಿದ್ದವರು, ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಅಧ್ಯಯನ ಪ್ರಕಟಿಸಿ ಬೋರ್ಡೋ ದ್ರಾವಣದ ಸಿಂಪರಣೆ ಬಳಕೆಗೆ ಬಂದ ಮೇಲೆಯೂ, ಒದ್ದೆ ಮರವನ್ನೇ ಹತ್ತಬೇಕಾಯಿತು.

ಈಚಿನ ವರ್ಷಗಳಲ್ಲಿ ಹತ್ತುವವರು ಕಡಿಮೆಯಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಿಗೆ ಹಗುರವಾದ ಫೈಬರ್ ದೋಟಿ ಬಂದಿದೆ. ಕೆಲಸಗಾರನು ನೆಲದ ಮೇಲೆ ನಿಂತು, ಉದ್ದನೆಯ ಕೋಲನ್ನು ಮೇಲೆತ್ತಿ, ತುದಿಯ ಕತ್ತಿಯಿಂದ ಕೊನೆಯನ್ನು ಇಳಿಸುತ್ತಾನೆ. ಬೀಳುವ ಅಪಾಯ ಇಲ್ಲವಾಗಿದೆ, ಏರಿನ ಸುಂಕವೂ ಇಲ್ಲ. ಆದರೆ ಕೋಲು ಅಲುಗದಂತೆ ತಲೆಯೆತ್ತಿ ನಿಂತ ಅವನ ಕತ್ತು ಮತ್ತು ಹೆಗಲಿನ ಸ್ನಾಯುಗಳಲ್ಲಿ, ದುರ್ಗದ ತಿರುವಿನಲ್ಲಿ ದಿಮ್ಮಿ ಹೊತ್ತು ತಡೆದು ನಿಂತವರಲ್ಲಿ ನಡೆಯುತ್ತಿದ್ದುದೇ ನಡೆಯುತ್ತದೆ. ಏನೂ ಕದಲುವುದಿಲ್ಲ, ಎಟಿಪಿ ಉರಿಯುತ್ತದೆ, ಬಿಗಿದ ಸ್ನಾಯು ತನ್ನ ರಕ್ತವನ್ನು ತಾನೇ ತಡೆಯುತ್ತದೆ, ಮತ್ತು ಕೆಲವು ಮರಗಳಿಗೊಮ್ಮೆ ಅವನು ಕೋಲನ್ನು ಮರಕ್ಕೆ ಒರಗಿಸಿ ಹೆಗಲನ್ನು ನೀವಿಕೊಳ್ಳುತ್ತಾನೆ.